ಚೀಟಿಯ ಕೊನೆಯ ಸಾಲು

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ, ಈಗ ವಿಳಾಸವೂ ಇಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನಾಳೆ ದಾವಣಗೆರೆಯಲ್ಲಿ ನಿನ್ನ ಸೊಸೆ ರೆಜಿನಾಗೆ ಹೃದಯದ ಆಪರೇಷನ್. ಅದಕ್ಕೇ ಹರಿಹರದ ಚರ್ಚಿಗೆ ಹೋಗಿ, ಮಾತೆಯ ಮುಂದಿನ ಕೋರಿಕೆ ಪೆಟ್ಟಿಗೆಗೆ ಹಾಕಲು ಚೀಟಿ ಬರೆಯುತ್ತಾ ಕುಳಿತಿದ್ದೆ.

ಆಗೆಲ್ಲ ನಿನ್ನ ಚೀಟಿಗಳನ್ನು ನಾನೇ ಬರೆಯುತ್ತಿದ್ದೆ, ಅದೂ ಪ್ರಾಸದಲ್ಲಿ: ‘ನಮ್ಮವ್ವನ ಮಂಡಿ, ತುಕ್ಕು ಹಿಡಿದ ಬಂಡಿ.’ ಓದಿ ಹೇಳಿದರೆ ನೀನು ನಕ್ಕು, “ಮಾತೆಗೂ ನಗು ಬರ್ಲಿ ಬಿಡು. ಕೊನೀಗೆ ಮಾತ್ರ ‘ದೇವರ ಚಿತ್ತದಂಗೆ ಆಗ್ಲಿ’ ಅಂತ ಬರಿ” ಅನ್ನುತ್ತಿದ್ದೆ.

ನಿನ್ನನ್ನು ಕೊಂಡೊಯ್ದ ಆ ಎದೆನೋವಿನ ಚೀಟಿಯಲ್ಲಿ ಮಾತ್ರ ಆ ಸಾಲನ್ನು ನಾನು ಬರೆಯಲಿಲ್ಲ. ದೇವರಿಗೆ ತಪ್ಪಿಸಿಕೊಳ್ಳಲು ದಾರಿ ಯಾಕೆ ಬಿಡಬೇಕು ಅನ್ನಿಸಿತ್ತು. “ಕೊನೀ ಸಾಲು ಬರ್ದೇನಪ್ಪಾ?” ಅಂದೆ ನೀನು. “ಬರ್ದೆ” ಅಂದೆ ನಾನು. ಆ ಸಲ ಓದಿ ಹೇಳು ಎಂದು ನೀನು ಕೇಳಲಿಲ್ಲ.

ಇವತ್ತೂ ಪೆನ್ನು ಅಲ್ಲೇ ನಿಂತಿತು. ಅಷ್ಟರಲ್ಲಿ ನಂದಿಗುಡಿಯ ತಿಮ್ಮವ್ವ ಎಂಬ ಮುದುಕಿ ಪಕ್ಕದಲ್ಲಿ ಬಂದು ಕೂತಳು.

“ಅಣ್ಣಾ, ನಂದೊಂದು ಬರ್ಕೊಡ್ರಿ. ಮೊಮ್ಮಗಳ ಹೆರಿಗೆ ಸಸೂತ್ರ ಆಗ್ಲಿ. ಮುಂದಿಂದು ನಿನ್ ಇಚ್ಛೆ ತಾಯಿ, ಅಂತ ಹಾಕ್ರಿ.”

ಒಂದಕ್ಷರವೂ ಬಿಡದೆ ಬರೆದು, ಓದಿ ಹೇಳಿದೆ.

“ಇನ್ನೊಂದ್ಸಲ ಓದ್ರಿ, ಚಂದ ಐತೆ” ಅಂದಳು. ಓದಿದೆ.

ಆಮೇಲೆ ನನ್ನ ಚೀಟಿಯ ಕೆಳಗೆ ನಿನ್ನ ಸಾಲು ಬರೆದೆ. ಪ್ರಾಸ ಕೂಡಲಿಲ್ಲ, ತಿದ್ದಲಿಲ್ಲ. ಪೆಟ್ಟಿಗೆಗೆ ಹಾಕುವ ಮುಂಚೆ ಒಮ್ಮೆ ಜೋರಾಗಿ ಓದಿದೆ, ನಿನಗೆ ಕೇಳಿಸುವಷ್ಟು.