ಬಾಗಿಲ ಮೂಲೆಯ ಕೆಂಪು

ಒರಪಿನ್ ಅಕ್ಕಾ,

ರಾತ್ರಿ ಎರಡೂವರೆಗೆ ಮಗು ಕೆಮ್ಮಿದ ಸದ್ದಿಗೆ ಎಚ್ಚರವಾಯಿತು. ಅವಳು ಮತ್ತೆ ಮಲಗಿದಳು, ನನಗೆ ನಿದ್ದೆ ಬರಲಿಲ್ಲ.

ನೀವು ಕಲಿಸಿದ ಹಾಗೆ ನಿನ್ನೆ ಕಾರಿನ ಬಾಗಿಲಿನ ತಗಡನ್ನು ಕಂಪ್ಯೂಟರಿನಲ್ಲಿ ಒತ್ತಿಸಿ ನೋಡಿದೆ. ಮೂಲೆಯಲ್ಲಿ ಕೆಂಪು ಬಂತು. ಅಂದರೆ ನಿಜವಾದ ಅಚ್ಚಿನಲ್ಲಿ ಒತ್ತಿದಾಗ ಅಲ್ಲಿ ತಗಡು ಹರಿದುಹೋಗುತ್ತದೆ. ನಮ್ಮ ಮೇಲಧಿಕಾರಿ ವಿರೋಜ್ ಅಣ್ಣ ನಕ್ಕರು: "ಎಣ್ಣೆ ಜಾಸ್ತಿ ಹಚ್ತೀವಿ ಅಂತ ಹಾಕಮ್ಮ, ಹಸಿರಾಗುತ್ತೆ." ಹಾಕಿದೆ, ಹಸಿರಾಯಿತು, ಸಹಿ ಮಾಡಿದೆ. "ಕಂಪ್ಯೂಟರ್ ನಿನ್ ಮಾತು ಕೇಳುತ್ತೆ ಕಣೇ, ತಗಡು ಕೇಳಲ್ಲ" ಅಂತಿದ್ರಿ ನೀವು.

ಇಂಥದ್ದಕ್ಕೇ ಸಹಿ ಹಾಕಲ್ಲ ಅಂತ ನೀವು ಕೆಲಸ ಬಿಟ್ಟು ಎದ್ದುಹೋದ ಕುರ್ಚಿಯಲ್ಲೇ ಈಗ ನಾನು ಕೂರುವುದು. ಅದರ ಎತ್ತರ ಬದಲಿಸಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಆ ಬಾಗಿಲಿನ ಅಚ್ಚಿಗೆ ಉಕ್ಕು ಕೊರೆಯಲು ಶುರುಮಾಡುತ್ತಾರೆ. ಈ ಮೆಸೇಜ್ ಕಳಿಸುವ ಮುಖ ನನಗಿಲ್ಲ. ಆದರೂ ಅಕ್ಕಾ, "ನಿಲ್ಸೇ" ಅಂತ ಬೈಯೋಕಾದರೂ ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ.