ಕಣ್ಣು ಮುಚ್ಚಿ ನಲವತ್ತೊಂದು

ಭಾನುವಾರ, ಮಾರ್ಚ್ ಒಂಬತ್ತು
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಅಕ್ಕ,

ಮೊದಲು ಬೈದುಬಿಡು, ಆಮೇಲೆ ಓದು. ಮದುವೆಯಾದ ಮೇಲೆ ವಾರಕ್ಕೊಂದು ಕಾಗದ ಬರೆಯುತ್ತೇನೆ ಅಂತ ಮಾತು ಕೊಟ್ಟವಳು, ನಾಲ್ಕು ತಿಂಗಳು ಕಳೆದು ಇವತ್ತು ಮೊದಲನೆಯದನ್ನು ಬರೆಯುತ್ತಿದ್ದೇನೆ. ನೀನು, ಭಾವ ಚೆನ್ನಾಗಿದ್ದೀರಿ ತಾನೇ? ಪುಟ್ಟಿಗೆ ಹಲ್ಲು ಬಂತಾ? ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಬಹುದು, ಆದರೆ ನಿನ್ನ ಹೆಸರು ಕಂಡ ತಕ್ಷಣ ಇವರು ಪಕ್ಕದಲ್ಲಿ ಬಂದು ಕೂತು, "ಸ್ಪೀಕರ್ ಹಾಕು, ನಾನೂ ಅತ್ತಿಗೆ ಹತ್ರ ಮಾತಾಡ್ತೀನಿ" ಅನ್ನುತ್ತಾರೆ. ಅಷ್ಟು ಪ್ರೀತಿ ನಿನ್ನ ಮೇಲೆ. ಇಂಗ್ಲಿಷ್ ಮೀಡಿಯಂನವಳ ಕೋಳಿಕಾಲಿನ ಅಕ್ಷರ ನೋಡಿ ನಗಬೇಡ. ಕನ್ನಡದಲ್ಲೇ ಬರಿ ಅಂತ ಹಟ ಹಿಡಿದವಳು ನೀನೇ.

ದೊಡ್ಡ ಸುದ್ದಿ ಅಂದರೆ ನಾವು ಮನೆ ಬದಲಾಯಿಸಿದ್ದೇವೆ. ಥೀಮ್ ಪಾರ್ಕಿನ ಹಿಂದಿನ ಗೋಡೆಗೆ ಅಂಟಿಕೊಂಡ ಬೀದಿ, ಮೂರನೇ ಮಹಡಿ. ಎರಡೇ ಕೋಣೆ, ಆದರೆ ಎಂಥ ಮುದ್ದಾದ ಕೋಣೆಗಳು ಗೊತ್ತಾ? ಪರದೆಗೆ ನಾನೇ ಹಳದಿ ಬಟ್ಟೆ ಆರಿಸಿದೆ. ಮಲಗುವ ಕೋಣೆಯ ಕಿಟಕಿಯಿಂದ ಕೈ ಚಾಚಿದರೆ ಸಿಗುತ್ತದೇನೋ ಅನ್ನುವಷ್ಟು ಹತ್ತಿರ ದೊಡ್ಡಣ್ಣ ನಿಂತಿದ್ದಾನೆ. ದೊಡ್ಡಣ್ಣ ಅಂದರೆ ಅದೇ ರೋಲರ್ ಕೋಸ್ಟರ್, ನೀನು ನನ್ನನ್ನು ಎಳೆದುಕೊಂಡು ಹೋಗಿ ಹತ್ತಿಸಿದ್ದು. ಇವರ ರೈಡು ಹುಚ್ಚರ ಕ್ಲಬ್ಬಿನವರು ಅದಕ್ಕೆ ಇಟ್ಟ ಹೆಸರು. ಪಾರ್ಕು ತೆರೆದಾಗಿನಿಂದ ಮುಚ್ಚುವವರೆಗೆ ಮೂರು ನಿಮಿಷಕ್ಕೊಮ್ಮೆ ಜನ ಕಿರುಚಿಕೊಂಡು ನಮ್ಮ ಕಿಟಕಿಯ ಮುಂದೆ ಹೋಗುತ್ತಾರೆ, ಗಾಜು ಗಿರ್ರೆನ್ನುತ್ತದೆ. ಇವರು ಕಿರುಚಾಟ ಕೇಳಿಯೇ ಎಷ್ಟು ಸೀಟು ಖಾಲಿ ಇದೆ ಅಂತ ಹೇಳಿಬಿಡುತ್ತಾರೆ. ಕಿಟಕಿಗೆ ಓಡಿ ಹೋಗಿ ನೋಡಿದರೆ ನಿಜಕ್ಕೂ ಅಷ್ಟೇ ಖಾಲಿ.

ಕನ್ನಡಕದ ಅಂಗಡಿಯ ಕೆಲಸ ಬಿಟ್ಟೆ. ಇಲ್ಲಿಂದ ಎರಡು ಬಸ್ಸು ಬದಲಾಯಿಸಬೇಕಿತ್ತು. "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ" ಅಂತ ದಿನವಿಡೀ ಕೇಳುತ್ತಿದ್ದವಳು ಈಗ ಹಳದಿ ಪರದೆಯನ್ನು ಕೇಳುತ್ತೇನೆ. ಇವರ ಕೆಲಸ ಗೊತ್ತಲ್ಲ, ಲಿಫ್ಟ್ ಇನ್‌ಸ್ಪೆಕ್ಟರ್. ವಾರವಿಡೀ ಊರಿನ ಲಿಫ್ಟುಗಳ ಹಗ್ಗ, ಬ್ರೇಕು ನೋಡಿ ಸಹಿ ಹಾಕುವುದು. ಭಾನುವಾರ ಪಾರ್ಕು. ಏಳು ದಿನವೂ ಏರುವುದು ಇಳಿಯುವುದೇ ಆಯಿತಲ್ಲ ರೀ ಅಂದರೆ ನಗುತ್ತಾರೆ. ಆ ನಗು ಇದೆಯಲ್ಲ ಅಕ್ಕ, ಅದಕ್ಕೇ ನಾನು ಬಿದ್ದಿದ್ದು.

ನಾವು ಭೇಟಿಯಾದ ಕಥೆಯನ್ನು ನಿನಗೂ ಪೂರ್ತಿ ಹೇಳಿಲ್ಲ. ಆವತ್ತು ನೀನು ಇಳಿದವಳೇ ನೀರು ತರಲು ಹೋದೆಯಲ್ಲ, ಆಗ ಹಿಂದಿನ ಸೀಟಿನಲ್ಲಿ ನನ್ನ ಎಣಿಕೆ ಕೇಳಿಸಿಕೊಂಡಿದ್ದ ಇವರು ನನ್ನ ಹತ್ತಿರ ಬಂದು, "ನಿಮಗೆಷ್ಟು ಬಂತು?" ಅಂದರು. ತಲೆ ಇನ್ನೂ ತಿರುಗುತ್ತಿತ್ತು. "ನಲವತ್ತೊಂದು" ಅಂದೆ. ಇವರ ಮುಖ ಅರಳಿದ್ದು ನೀನು ನೋಡಬೇಕಿತ್ತು. ತಮ್ಮ ಸ್ಟಾಪ್‌ವಾಚ್ ತೋರಿಸಿದರು. ನಲವತ್ತೊಂದೇ. ಮೊದಲ ಇಳಿಜಾರಿನಿಂದ ಬ್ರೇಕಿನವರೆಗೆ ಎಷ್ಟು ಸೆಕೆಂಡು ಅಂತ ಕಣ್ಣು ಮುಚ್ಚಿ ಎಣಿಸುವುದು ಇವರ ಕ್ಲಬ್ಬಿನ ಪದ್ಧತಿಯಂತೆ. ಕಣ್ಣು ತೆರೆದಿದ್ದರೆ ಲೆಕ್ಕ ತಪ್ಪುತ್ತದಂತೆ. ಹೊರಗಿನ ಒಬ್ಬ ಹುಡುಗಿ ತಾನಾಗಿ ಹಾಗೆ ಎಣಿಸಿದ್ದನ್ನು ಇವರು ಕಂಡಿರಲೇ ಇಲ್ಲ. ನಾನು ಯಾಕೆ ಎಣಿಸಿದೆ ಅಂತ ನಿನಗೆ ಗೊತ್ತು. ಚಿಕ್ಕವಳಿದ್ದಾಗ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಡುಗುತ್ತಿದ್ದವಳ ಕಿವಿಯಲ್ಲಿ ನೀನೇ ಹೇಳಿದ್ದೆ: "ಕಣ್ಣು ಮುಚ್ಚಿ ಎಣಿಸು ಗುಬ್ಬಿ, ನೂರಾಗೋದ್ರೊಳಗೆ ಮುಗಿದಿರುತ್ತೆ." ನೀನು ಕಲಿಸಿದ ಉಪಾಯ ನನಗೆ ಗಂಡನನ್ನೇ ಹುಡುಕಿಕೊಟ್ಟಿತು ನೋಡು. ಇವರಿಗೆ ಮಾತ್ರ ನಾನು ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಆ ಮುಖ ಮುದುಡಿಬಿಡುತ್ತಿತ್ತು. ಆಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ನಿಶ್ಚಿತಾರ್ಥ ಬಂತು, ಮದುವೆ ಬಂತು. ಈಗ ಅಷ್ಟೇನೂ ಭಯ ಇಲ್ಲ ಬಿಡು. ಭಾನುವಾರಕ್ಕೆ ಮೂರು ಸಲ, ಅಷ್ಟೇ.

ಹೋದ ವಾರ ಕ್ಲಬ್ಬಿನ ಸಭೆ ಇತ್ತು. ಲಾಂಡ್ರಿ ಅಂಗಡಿಯ ಮೇಲಿನ ಕೋಣೆ, ಇಸ್ತ್ರಿಯ ಬಿಸಿ ನೆಲದಿಂದ ಕಾಲಿಗೆ ಬರುತ್ತದೆ. ಇದ್ದದ್ದು ಒಂಬತ್ತು ಜನ. ಚರ್ಚೆ ಏನು ಅಂದರೆ, ನಮ್ಮಂಥ ಪಾರ್ಕಿನ ಹುಚ್ಚರು ರೈಡುಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಬೇಕಾ, ಅಥವಾ ಸುಮ್ಮನೆ ಕೂತು ಕಿರುಚಿ ಖುಷಿಪಟ್ಟು ಮನೆಗೆ ಬರಬೇಕಾ. ಅಧ್ಯಯನದ ಕಡೆಯವರು ಗೆದ್ದರೆ ಕ್ಲಬ್ಬಿನ ಪತ್ರಿಕೆಯಲ್ಲಿ ಇನ್ನು ಬರೀ ಅಳತೆಗಳೇ, ದೊಡ್ಡಣ್ಣನ ಎಣಿಕೆಯ ಉಸ್ತುವಾರಿ ಇಡೀ ವರ್ಷ ನಮ್ಮಿಬ್ಬರದು. ಸೋತರೆ ವಾರ ವಾರ ಎಣಿಸುವುದು ಬಂದ್.

ಸುಮ್ಮನೆ ಖುಷಿಪಡುವವರ ಮುಖಂಡ ಟೈಲರ್ ಅಂಕಲ್. ಅಂಗಡಿ ಮಗನಿಗೆ ಬಿಟ್ಟು ಪಾರ್ಕಿಗೆ ಬರುವ ತಾತ, ಈಗಲೂ ಕತ್ತಿನಲ್ಲಿ ಅಳತೆಯ ಟೇಪು. "ಕೋಟು ಹಾಕ್ಕೊಂಡೋನು ಹೊಲಿಗೆ ಎಣಿಸ್ತಾನೇನಪ್ಪಾ? ಕೈ ಎತ್ತಿ ಇಳಿಸ್ತಾನೆ, ಹಿತವಾಗಿದ್ರೆ ಮನೆಗೆ ಹೋಗ್ತಾನೆ."

ಇವರು, "ಹೊಲಿದೋರು ಎಣಿಸಿರ್ತಾರಲ್ಲ ಅಂಕಲ್" ಅಂದರು.

"ನಾವು ಹೊಲಿದೋರಲ್ಲವಲ್ಲೋ ಮಾರಾಯ, ಹಾಕ್ಕೊಂಡೋರು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿಯೇ ನಕ್ಕೆ. ಆಗ ಇವರು ಎದ್ದು ನಿಂತು ನಿಧಾನವಾಗಿ ಹೇಳಿದರು: "ನನಗೆ ಯಾವುದು ಇಷ್ಟಾನೋ ಅದರ ಒಂದೊಂದು ನಟ್ಟು ಬೋಲ್ಟೂ ನನಗೆ ಗೊತ್ತಿರಬೇಕು. ಗೊತ್ತಿಲ್ಲದೇ ಇಷ್ಟ ಅಂದ್ರೆ ಅದು ಬರೀ ಮಾತು." ಎಷ್ಟು ಚೆನ್ನಾಗಿ ಹೇಳಿದರು ಅಕ್ಕ. ಹೇಳುತ್ತಾ ನನ್ನನ್ನೇ ನೋಡಿದರು. ನನ್ನ ಕಣ್ಣು ತುಂಬಿ ಬಂತು, ಅದನ್ನೂ ಇವರು ನೋಡಿದರು, ಖುಷಿಗೆ ಅಂದುಕೊಂಡರು.

ಕೈ ಎತ್ತಿಸಿದಾಗ ನಾಲ್ಕು, ನಾಲ್ಕು. ಉಳಿದವಳು ನಾನು.

ಆ ಕೋಣೆಯ ಗೋಡೆಯ ಮೇಲೆ ರೈಡಿನಲ್ಲಿ ಕ್ಯಾಮೆರಾ ತಾನಾಗಿ ತೆಗೆಯುವ ಫೋಟೋಗಳನ್ನು ಅಂಟಿಸಿದ್ದಾರೆ. ನಾಲ್ಕು ತಿಂಗಳ ಭಾನುವಾರಗಳೆಲ್ಲ ಸಾಲಾಗಿವೆ. ಇವರು ಬಾಯಿತುಂಬ ನಗುತ್ತಾ, ಪಕ್ಕದಲ್ಲಿ ನಾನು ಕಣ್ಣು ಮುಚ್ಚಿಕೊಂಡು. ಟೈಲರ್ ಅಂಕಲ್ ಎದ್ದು ಹೋಗಿ ಅವನ್ನು ಒಂದೊಂದಾಗಿ ನೋಡಿದರು. ತಿರುಗಿ, "ಒಂದು ಮಾತು ಕೇಳ್ತೀನಿ ಮಗಳೇ. ನೀನು ಕಣ್ಣು ಮುಚ್ಚೋದು ಎಣಿಸೋಕಾ?" ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಇವರ ಪೆನ್ಸಿಲ್ ಪುಸ್ತಕದ ಮೇಲೆ ಸಿದ್ಧವಾಗಿತ್ತು. ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಎಣಿಸೋಕೇ ಅಂಕಲ್" ಅಂದೆ. ಸುಳ್ಳೇನಲ್ಲವಲ್ಲ.

"ಮತ್ತೆ ಬೆರಳಿನ ಗೆಣ್ಣೆಲ್ಲ ಹೀಗೆ ಬಿಳಿಚಿಕೊಂಡಿದೆಯಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೆಮ್ಮೆಯಿಂದ, "ಗಟ್ಟಿಯಾಗಿ ಹಿಡ್ಕೊಂಡ್ರೆ ಮೈ ಅಲ್ಲಾಡಲ್ಲ ಅಂಕಲ್, ಎಣಿಕೆ ತಪ್ಪಲ್ಲ. ಅವಳದೇ ಟೆಕ್ನಿಕ್ಕು" ಅಂದರು. ನಾನು ಇವರ ಪಕ್ಷಕ್ಕೇ ಕೈ ಎತ್ತಿದೆ. ಅಂಕಲ್ ಕತ್ತಿನಿಂದ ಟೇಪು ತೆಗೆದು, ಸುತ್ತಿ, ಜೇಬಿಗೆ ಹಾಕಿಕೊಂಡು, "ಆಯ್ತಮ್ಮ, ನಿನ್ನಿಷ್ಟ" ಅಂದರು. ಮೆಟ್ಟಿಲಿಳಿಯುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೋದರು.

ಇವರು ಅವತ್ತು ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ನನ್ನ ಹೆಸರಿಗೊಂದು ಹೊಸ ಪುಸ್ತಕ ತಂದಿದ್ದಾರೆ. ವರ್ಷದ ಭಾನುವಾರಗಳನ್ನೆಲ್ಲ ಆಗಲೇ ಗೆರೆ ಎಳೆದು ಬರೆದಿಟ್ಟಿದ್ದಾರೆ, ತುಂಬುವುದು ನನ್ನ ಕೆಲಸ. ಇಷ್ಟು ಅಚ್ಚುಕಟ್ಟಾದ ಗಂಡ ಯಾರಿಗೆ ಸಿಗುತ್ತಾನೆ ಹೇಳು. ಒಂದು ದಿನವೂ ದನಿ ಏರಿಸಿದವರಲ್ಲ. ಬೆಳಿಗ್ಗೆ ನನಗಿಂತ ಮೊದಲೆದ್ದು ಕಾಫಿ ಮಾಡಿಟ್ಟಿರುತ್ತಾರೆ. ಏನಂತ ದೂರಲಿ? ದೂರುತ್ತಿಲ್ಲ ಅನ್ನು.

ಇವತ್ತೂ ಮೊದಲ ಸೀಟು ಸಿಗಲಿ ಅಂತ ಬೇಗ ಹೋಗಿ ಕ್ಯೂ ಹಿಡಿದಿದ್ದಾರೆ. ಹನ್ನೊಂದಕ್ಕೆ ಕ್ಲಬ್ಬಿನ ಒಬ್ಬರನ್ನು ತಮ್ಮ ಜಾಗದಲ್ಲಿ ನಿಲ್ಲಿಸಿ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಇದನ್ನು ಕೆಳಗಿನ ಅಂಗಡಿಯವಳ ಕೈಗೆ ಕೊಡಬೇಕು, ಅವಳು ಅಂಚೆಗೆ ಹಾಕುತ್ತಾಳೆ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಚಿಕ್ಕಮ್ಮನ ನೂರು ಮುತ್ತು, ನೂರು ವರ್ಷದ ಆಶೀರ್ವಾದ. ಮದುವೆಯಾದವಳಲ್ಲವಾ, ನನಗೂ ಈಗ ಆಶೀರ್ವಾದ ಮಾಡುವ ಹಕ್ಕು ಬಂದಿದೆ. ನಿನ್ನ ಆಶೀರ್ವಾದ ಮಾತ್ರ ನನಗೆ ಕಳಿಸುತ್ತಲೇ ಇರು, ಸಾಕು ಅನ್ನುವುದೇ ಇಲ್ಲ.

ಸದಾ ನಿನ್ನ
ಗುಬ್ಬಿ

ಮರೆತಿದ್ದೆ: ಈಗೀಗ ಮನೆಯಲ್ಲೂ ಎಣಿಸುತ್ತೇನೆ ಅಕ್ಕ. ಇವರ ಬೀಗದ ಕೈ ಬಾಗಿಲಲ್ಲಿ ತಿರುಗಿದ ಸದ್ದು ಕೇಳಿದರೆ ಸಾಕು, ನನಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿಕೊಳ್ಳುತ್ತದೆ, ಒಂದು ಎರಡು ಶುರುವಾಗುತ್ತದೆ. ಇವರು ಪಕ್ಕದಲ್ಲಿ ಕೂತು ಪ್ರೀತಿಯಿಂದ ಮಾತಾಡುತ್ತಿರುತ್ತಾರೆ, ನಾನು ಹೂಂ ಅನ್ನುತ್ತಾ ಎಣಿಸುತ್ತಿರುತ್ತೇನೆ. ದೊಡ್ಡಣ್ಣ ನಲವತ್ತೊಂದಕ್ಕೆ ನಿಲ್ಲುತ್ತಾನೆ. ನಿನ್ನೆ ಸಂಜೆ ನಾನು ನೂರು ದಾಟಿದೆ. ನೂರಾದ ಮೇಲೆ ಏನು ಮಾಡಬೇಕು ಅಂತ ನೀನು ಹೇಳಿಕೊಟ್ಟಿಲ್ಲ.