ಪಾಳಿ ಮಾಡಿದವರನ್ನು ಹೊರಗೆ ಕಳಿಸುವ ಮುನ್ನ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯದ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗದಲ್ಲಿ ಒಂಬತ್ತು ಮಂದಿ ಅಧ್ಯಾಪಕರಿದ್ದಾರೆ. ಕಂಟ್ರೋಲ್ ರೂಮಿನಲ್ಲಿ ಕೂತು ಕೆಲಸ ಮಾಡಿ ಗೊತ್ತಿರುವವರು ಅವರಲ್ಲಿ ಒಬ್ಬರೇ. ಪಿಎಚ್‌.ಡಿ. ಇಲ್ಲವೆಂಬ ಕಾರಣಕ್ಕೆ ಆ ಒಬ್ಬರನ್ನೇ ಈ ತಿಂಗಳ ಕೊನೆಗೆ ಬಿಡುಗಡೆ ಮಾಡುವಂತೆ ತಾವು ಆದೇಶ ಹೊರಡಿಸಿದ್ದೀರಿ. ಅದನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಲು ಈ ಪತ್ರ. ಹಿಂದೆ ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿಟ್ಟು ಬೇರೇನೂ ಬರಲಿಲ್ಲವಾದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಕೇಳಲು ನೀನು ಯಾರು ಎನ್ನುತ್ತೀರಾ? ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷದಿಂದ ಆಪರೇಟರ್. ಓದಿದ್ದು ಹತ್ತನೇ ತರಗತಿ. ಮಗಳು ನಿಮ್ಮದೇ ವಿಭಾಗದಲ್ಲಿ ಮೂರನೇ ವರ್ಷ ಓದುತ್ತಿದ್ದಾಳೆ. ವೆಬ್‌ಸೈಟಿನಲ್ಲಿ ಅಧ್ಯಾಪಕರ ‘ಶೈಕ್ಷಣಿಕ ಮತ್ತು ವೃತ್ತಿ ಹಿನ್ನೆಲೆ’ ಎಂಬ ಪುಟವನ್ನು ತೋರಿಸಿದವಳು ಅವಳೇ. ಎಂಟು ಮಂದಿಯ ಓದು ಅರ್ಧರ್ಧ ಪುಟ ತುಂಬಿದೆ, ಸಂತೋಷ. ಕೆಳಗೆ ವೃತ್ತಿ ನೋಡಿದರೆ ಇದೇ ವಿಭಾಗದಲ್ಲಿ ವಿದ್ಯಾರ್ಥಿ, ಇದೇ ವಿಭಾಗದಲ್ಲಿ ಸಂಶೋಧಕ, ಇದೇ ವಿಭಾಗದಲ್ಲಿ ಪ್ರಾಧ್ಯಾಪಕ. ಮೊದಲ ಬೆಂಚಿನಿಂದ ಕರಿಹಲಗೆಯವರೆಗೆ ನಡೆದ ಎಂಟು ಹೆಜ್ಜೆಯೇ ಅವರ ಪ್ರಯಾಣ. ಒಂಬತ್ತನೆಯವರಾದ ಮೇಡಂ ಅವರದು ತದ್ವಿರುದ್ಧ. ಓದು ಒಂದೇ ಸಾಲು, ಸಂಜೆ ಕಾಲೇಜಿನ ಸ್ನಾತಕೋತ್ತರ ಪದವಿ. ವೃತ್ತಿ, ಗೊಬ್ಬರದ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಹದಿನೇಳು ವರ್ಷ ಪಾಳಿ ಎಂಜಿನಿಯರ್, ಮತ್ತು... ಅಲ್ಲಿಗೆ ನಿಮ್ಮ ನಮೂನೆಯಲ್ಲಿ ಜಾಗ ಮುಗಿದು ಸಾಲು ತುಂಡಾಗಿದೆ.

ಓದಿನ ಮೇಲೆ ನನಗೆ ಸಿಟ್ಟಿಲ್ಲ. ಇದ್ದಿದ್ದರೆ ಮಗಳನ್ನು ಅಲ್ಲಿಗೆ ಕಳಿಸುತ್ತಿದ್ದೆನೇ? ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದರು ಹಿರಿಯರು. ತಾವು ಆ ಒಕ್ಕಾಲಿಗೇ ನೂರಕ್ಕೆ ನೂರು ಅಂಕ ಕೊಟ್ಟು ಕೂತಿದ್ದೀರಿ. ಅದರಿಂದ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಘಟಕಕ್ಕೆ ಹೊಸ ಅಲಾರಂ ಬೋರ್ಡು ಬಂತು. ವಿನ್ಯಾಸ ಮಾಡಿದವರು ನಿಮ್ಮ ಆ ಎಂಟು ಮಂದಿಯಲ್ಲಿ ಡಾಕ್ಟರೇಟ್ ಪಡೆದ ಮೂವರು. ಹಳೆಯದರಲ್ಲಿ ಹತ್ತೊಂಬತ್ತು ಅಲಾರಂ ಇದ್ದವು, ಹೊಸದರಲ್ಲಿ ಇನ್ನೂರ ಹನ್ನೆರಡು. ಬಾಗಿಲು ತೆರೆದರೆ ಕೂಗು, ಮುಚ್ಚಿದರೆ ಕೂಗು, ಟ್ಯಾಂಕು ತುಂಬಿದರೂ ಅದೇ ಕೂಗು. ಗಂಟೆಗೆ ನಲವತ್ತು ಸಲ ಎದ್ದು ಹೋಗಿ ಗುಂಡಿ ಒತ್ತಬೇಕು. ಕಡಿಮೆ ಮಾಡಿಕೊಡಿ ಎಂದು ಬರೆದುಕೊಂಡೆವು. ‘ಸುರಕ್ಷತೆಯಲ್ಲಿ ರಾಜಿ ಇಲ್ಲ’ ಎಂದು ಉತ್ತರ ಬಂತು. ಎರಡನೇ ತಿಂಗಳು ಯಾರೋ ಬಜರ್‌ನ ಬಾಯಿಗೆ ಎರಡು ಸುತ್ತು ಇನ್ಸುಲೇಷನ್ ಟೇಪು ಅಂಟಿಸಿದರು.

ಯಾರೋ ಅಲ್ಲ ಮಾನ್ಯರೇ, ನಾನೇ. ಇದನ್ನು ಬರೆದು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು.

ಒಂದು ಬೆಳಿಗ್ಗೆ ಹತ್ತೂವರೆಗೆ ಕ್ಲೋರಿನ್ ಕೋಣೆಯಲ್ಲಿ ಅನಿಲ ಸೋರಿತು. ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಆಗಲೇ ಉರಿಯುತ್ತಿದ್ದ ಮೂವತ್ತು ಕೆಂಪು ದೀಪಗಳ ನಡುವೆ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನಾವೆಲ್ಲ ದೊಡ್ಡಣ್ಣ ಎಂದು ಕರೆಯುವ ಫಿಟ್ಟರ್ ಸಿಲಿಂಡರ್ ಬದಲಿಸಲೆಂದು ಮಾಸ್ಕ್ ಹಾಕದೆ ಬಾಗಿಲು ತೆಗೆದ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಇವತ್ತಿಗೂ ಒಂದು ಮಹಡಿ ಹತ್ತಲು ಎರಡು ಕಡೆ ನಿಲ್ಲುತ್ತಾನೆ.

ವಿಚಾರಣೆಗೆ ಬಂದವರೂ ಅದೇ ಮೂವರು. ಅಷ್ಟರಲ್ಲಿ ನಾನು ಟೇಪು ಕಿತ್ತು ಬಿಸಾಕಿದ್ದೆ. ನಕ್ಷೆ ನೋಡಿದರು, ತಂತಿ ನೋಡಿದರು, ಬಜರ್ ಕೂಗಿಸಿ ಕೇಳಿದರು. ಬೋರ್ಡು ಸರಿಯಿದೆ, ತಪ್ಪು ಗಾಯಾಳುವಿನದೇ ಎಂದು ಬರೆದು ಊಟದ ಹೊತ್ತಿಗೆ ಹೊರಟರು. ಪಾಳಿಯವರ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಆ ನಾಚಿಕೆ ನನ್ನದು.

ಆಮೇಲೆ ಮೇಡಂ ಬಂದರು, ಯಾರೂ ಕಳಿಸದೆ, ತಮ್ಮ ರಜೆ ಹಾಕಿ. ಮೂರು ದಿನ ಸ್ಟೂಲಿನ ಮೇಲೆ ಕೂತು ಬೋರ್ಡಿಗಿಂತ ಹೆಚ್ಚಾಗಿ ನಮ್ಮ ಕೈಗಳನ್ನು ನೋಡಿದರು. ಮೂರನೇ ದಿನ ಟೀ ಕುಡಿಯುತ್ತ ಮೆಲ್ಲಗೆ ಕೇಳಿದರು:

“ಟೇಪು ಎಲ್ಲಿ ಅಂಟಿಸಿದ್ರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ನೇರ ಬಜರ್ ಕಡೆಗೆ ಹೋಯಿತು. ಯಾವ ಟೇಪು ಮೇಡಂ ಎಂದು ತೊದಲಿದೆ.

“ನಾನೂ ಅಂಟಿಸಿದ್ದೆ. ಹದಿನೇಳು ವರ್ಷದಲ್ಲಿ ಎರಡು ಸಲ.”

ಎಲ್ಲ ಹೇಳಿಬಿಟ್ಟೆ. ಅವರು ನನ್ನ ಹೆಸರು ಬರೆದುಕೊಳ್ಳಲಿಲ್ಲ. ಹೊರಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದರು. ಆರು ತಿಂಗಳು ನಮ್ಮ ಜೊತೆ ಕೂತು ಇನ್ನೂರ ಹನ್ನೆರಡು ಅಲಾರಂಗಳನ್ನು ಇಪ್ಪತ್ತಾರಕ್ಕೆ ಇಳಿಸಿದರು. ಈಗ ಬಜರ್ ಕೂಗಿದರೆ ನಾವು ಓಡುತ್ತೇವೆ. ಆ ಕೆಲಸದ ಮೇಲೆ ಸಂಶೋಧನಾ ಪ್ರಬಂಧವೊಂದು ಪ್ರಕಟವಾಯಿತು, ಅದೇ ಮೂವರ ಹೆಸರಿನಲ್ಲಿ. ಒಬ್ಬರಿಗೆ ಬಡ್ತಿಯೂ ಬಂತಂತೆ. ಮೇಡಂ ಕಡತದಲ್ಲಿ ಮಾತ್ರ ‘ಪ್ರಕಟಣೆ: ಸೊನ್ನೆ’. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ಲವೇ?

ನಾಳೆ ನಿಮ್ಮಲ್ಲಿ ಓದಿದ ಮಕ್ಕಳು ಆಸ್ಪತ್ರೆಗೆ, ರೈಲಿಗೆ, ವಿದ್ಯುತ್ ಕೇಂದ್ರಕ್ಕೆ ಬೋರ್ಡು ಮಾಡುತ್ತಾರೆ. ‘ಟೇಪು ಎಲ್ಲಿ’ ಎಂಬ ಆ ಒಂದು ಪ್ರಶ್ನೆ ಕೇಳುವುದನ್ನು ಅವರಿಗೆ ಕಲಿಸುವವರು ಯಾರು? ಈ ಪತ್ರ ಬೇಡವೆಂದು ಮಗಳು ಮೊದಲು ತಡೆದಳು, ಅವಳ ಆಂತರಿಕ ಅಂಕಗಳು ಆ ಮೂವರ ಕೈಯಲ್ಲಿವೆ. ಆಮೇಲೆ ತಾನೇ ಕೂತು ಕಾಗುಣಿತ ತಿದ್ದಿಕೊಟ್ಟಳು.

ಅಚ್ಚಿಗೆ ಕೊಡುವ ಮೊದಲು ದೊಡ್ಡಣ್ಣನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಅವನು ಉಸಿರು ಸುಧಾರಿಸಿಕೊಂಡು ಹೇಳಿದ:

“ಅವತ್ತು ಬೆಳಿಗ್ಗೆನೇ ಟೇಪು ನೋಡಿದ್ದೆ ಕಣೋ. ಸದ್ಯ, ಬಾಯಿ ಮುಚ್ತಲ್ಲ ಅಂತ ನಂಗೂ ಸಮಾಧಾನ ಆಗಿತ್ತು.”

ನಾನು ಅತ್ತುಬಿಟ್ಟೆ, ಮಾನ್ಯರೇ. ನೋಡಿದವನೂ ಕೀಳಲಿಲ್ಲ ಎಂದರೆ ಆ ಬೋರ್ಡು ನಮ್ಮನ್ನು ಎಲ್ಲಿಗೆ ತಂದಿಟ್ಟಿತ್ತು ಎಂದು ಯೋಚಿಸಿ. ಬಿಡುಗಡೆ ಆದೇಶವನ್ನು ರದ್ದು ಮಾಡಿ. ಮನಸ್ಸು ಬಾರದಿದ್ದರೆ ಮೂವರನ್ನೂ ನಮ್ಮಲ್ಲಿಗೆ ಕಳಿಸಿ, ಪೂರ್ತಿ ಎಂಟು ಗಂಟೆಯ ಒಂದು ಪಾಳಿ ಕೂರಲಿ. ಆಮೇಲೂ ಅನರ್ಹರು ಮೇಡಂ ಅವರೇ ಎನಿಸಿದರೆ ಸಹಿ ಹಾಕಿ. ವಿಚಾರಣಾ ವರದಿಯಲ್ಲಿ ದೊಡ್ಡಣ್ಣನ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ, ಅದರ ಕೆಳಗೆ ಆ ಮೂವರದನ್ನೂ.

ಇಂತಿ,
ಬೆಳಗಿನ ಪಾಳಿಯ ಆಪರೇಟರ್
(ಇದು ಅಚ್ಚಾದ ಮರುದಿನವೂ ಆ ಹುದ್ದೆ ಉಳಿದಿದ್ದರೆ)